ಕಡಲತಡಿಯ ಮನೆಗೆ ಸೈಡಿಂಗ್: ಹಲಗೆಗಿಂತ ಮೊದಲು ಅದರ ಹಿಂದಿನ ಸಂದು

ಹೊರಗೋಡೆಗೆ ಸೈಡಿಂಗ್, ಅಂದರೆ ಹಲಗೆಯ ಹೊದಿಕೆ, ಹಾಕಿಸಲು ಹೊರಟವರ ಲೆಕ್ಕಾಚಾರವೆಲ್ಲ ಹಲಗೆಯ ಬಣ್ಣ, ವಿನ್ಯಾಸ, ದಪ್ಪದ ಸುತ್ತಲೇ ಇರುತ್ತದೆ. ಆದರೆ ಕಡಲತೀರದಲ್ಲಿ ಹೊದಿಕೆ ಕೆಡುವುದು ಹೆಚ್ಚಾಗಿ ಹಿಂಬದಿಯಿಂದ. ಅಲ್ಲಿನ ಮಳೆ ಗಾಳಿಯ ಜೊತೆ ಸೇರಿ ಅಡ್ಡಡ್ಡಲಾಗಿ ಹೊಡೆಯುತ್ತದೆ. ಎಷ್ಟು ಬಿಗಿಯಾಗಿ ಜೋಡಿಸಿದರೂ ಎಲ್ಲೋ ಒಂದು ಸಂದಿನಿಂದ ನೀರು ಒಳಗೆ ಹೋಗಿಯೇ ಹೋಗುತ್ತದೆ. ಹೋದ ನೀರಿಗೆ ಇಳಿಯಲು ದಾರಿ, ಒಣಗಲು ಗಾಳಿ ಇದ್ದರೆ ಗೋಡೆಗೆ ಏನೂ ಆಗುವುದಿಲ್ಲ. ಇಲ್ಲವಾದರೆ ಎಂತಹ ದುಬಾರಿ ಹಲಗೆಯ ಹಿಂದೆಯೂ ಮರ ಕೊಳೆಯುತ್ತದೆ, ಬೂಸಲು ಹಿಡಿಯುತ್ತದೆ, ಮೊಳೆ ತುಕ್ಕು ತಿಂದು ಸಡಿಲವಾಗುತ್ತದೆ.

ಈ ಪಾಠವನ್ನು ಎರಡು ಕರಾವಳಿಗಳು ದೊಡ್ಡ ಬೆಲೆ ತೆತ್ತು ಕಲಿತಿವೆ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ 1980–90ರ ದಶಕದಲ್ಲಿ ಕಟ್ಟಿದ ಅಪಾರ್ಟ್‌ಮೆಂಟುಗಳು ಸಾಲುಸಾಲಾಗಿ ಒಳಗಿಂದ ಕೊಳೆತು, 1998ರಲ್ಲಿ ವಿಚಾರಣಾ ಆಯೋಗವನ್ನೇ ನೇಮಿಸಬೇಕಾಯಿತು. ನ್ಯೂಜಿಲೆಂಡಿನಲ್ಲೂ ಅದೇ ಕಥೆ. ಅಲ್ಲಿ ಸೂರು ಚಾಚದ ಮನೆಗಳಿಗೆ, ಸಂಸ್ಕರಿಸದ ಮರದ ಚೌಕಟ್ಟಿನ ಮೇಲೆ ಹೊದಿಕೆಯನ್ನು ನೇರವಾಗಿ ಅಂಟಿಸಿದಂತೆ ಹೊಡೆದದ್ದು ಮುಖ್ಯ ಕಾರಣಗಳಲ್ಲಿ ಒಂದು. ಹೊದಿಕೆಯ ಹಿಂದೆ ನೀರು ಇಳಿಯುವ ಸಂದು ಬಿಡುವ ಪದ್ಧತಿ ಎರಡೂ ಕಡೆ ಆಮೇಲೆ ಬೇರೂರಿತು. ನ್ಯೂಜಿಲೆಂಡ್ ಒಪ್ಪಿಕೊಂಡ ಅಳತೆ 20 ಮಿ.ಮೀ.

ಯಾವ ಹಲಗೆ?

ಉಪ್ಪುಗಾಳಿ ಮತ್ತು ದೀರ್ಘ ಮಳೆ ಎರಡನ್ನೂ ತಡೆಯುವ ವಿಷಯದಲ್ಲಿ ಫೈಬರ್ ಸಿಮೆಂಟ್ ಹಲಗೆಗೇ ನಮ್ಮ ಮೊದಲ ಮತ. ಸಿಮೆಂಟು, ಮರಳು, ಮರದ ನಾರು ಸೇರಿಸಿ ಮಾಡಿದ ಇದು ತುಕ್ಕು ಹಿಡಿಯುವುದಿಲ್ಲ, ಗೆದ್ದಲಿಗೆ ಆಹಾರವಲ್ಲ, ಬೆಂಕಿ ಹತ್ತಿಕೊಳ್ಳುವುದಿಲ್ಲ. ಕೊಳ್ಳುವಾಗ ಹೊರಾಂಗಣ ದರ್ಜೆಯದ್ದೇ ಎಂದು ಖಚಿತ ಮಾಡಿಕೊಳ್ಳಿ. ಯುರೋಪಿನ ಇಎನ್ 12467 ಮಾನಕದಲ್ಲಾದರೆ ಬಿಸಿಲು, ತೇವಕ್ಕೆ ನೇರವಾಗಿ ಒಡ್ಡುವ ಹಲಗೆಗೆ 'ಎ' ಅಥವಾ 'ಬಿ' ವರ್ಗ ಇರಬೇಕು. ಒಳಗೋಡೆಗೆ, ಫಾಲ್ಸ್ ಸೀಲಿಂಗಿಗೆ ಮಾಡಿದ ಹಾಳೆ ನೋಡಲು ಹಾಗೇ ಇರುತ್ತದೆ, ಮಳೆಗೆ ಬಿದ್ದರೆ ಅಂಚು ಉಬ್ಬಿ ಪದರ ಬಿಡುತ್ತದೆ.

ಮರವೇ ಬೇಕೆನ್ನುವವರು ಚೇಗಿನ (ಗಟ್ಟಿಯಾದ ಒಳಮರದ) ಹಲಗೆ ಆರಿಸಿ, ಹಚ್ಚುವ ಮೊದಲೇ ಆರೂ ಮುಖಕ್ಕೆ ಪ್ರೈಮರ್ ಬಳಿಯಬೇಕು. ಮರ ನೀರು ಕುಡಿಯುವುದು ಕೊಯ್ದ ತುದಿಯಿಂದಲೇ ಹೆಚ್ಚು, ಆದ್ದರಿಂದ ತುದಿಗಳನ್ನು ಮರೆಯುವಂತಿಲ್ಲ. ಸೀಡರ್‌ನಂತಹ ಮರದಲ್ಲಿರುವ ಟ್ಯಾನಿನ್ ಎಂಬ ಒಗರು ರಸ ಕಬ್ಬಿಣದ ಮೊಳೆಗೆ ತಾಕಿದರೆ ಗೋಡೆಯ ಮೇಲೆ ಕಪ್ಪು ಗೆರೆ ಇಳಿಯುತ್ತದೆ.

ವಿನೈಲ್ ಅಗ್ಗ, ಹಗುರ. ಉಪ್ಪು ಅದಕ್ಕೆ ಏನೂ ಮಾಡದು. ಆದರೆ ಬಿಸಿಲಿಗೆ ಅದು ಹಿಗ್ಗುವ ಪ್ರಮಾಣ ದೊಡ್ಡದು: 3.66 ಮೀಟರ್ ಉದ್ದದ ಪಟ್ಟಿ 12 ಮಿ.ಮೀ.ವರೆಗೂ ಹಿಗ್ಗಿ ಕುಗ್ಗಬಹುದು. ಹಾಗಾಗಿ ಅದನ್ನು ಮೊಳೆಯಿಂದ ಬಿಗಿಯಬಾರದು, ತೂಗುಹಾಕಬೇಕು. ಮೊಳೆ ಉದ್ದ ಕಿಂಡಿಯ ನಡುವೆ ಇಳಿಯಲಿ, ತಲೆಯ ಕೆಳಗೆ ಸುಮಾರು 1 ಮಿ.ಮೀ. ಬಿಡುವಿರಲಿ, ತುದಿಯಲ್ಲಿ 6 ಮಿ.ಮೀ. ಜಾಗ ಬಿಡಿ. ಬಿರುಗಾಳಿ ಹೊಡೆಯುವ ಜಾಗಕ್ಕೆ ಮಾಮೂಲಿ ವಿನೈಲ್ ಬೇಡ. ಉಕ್ಕಿನ ಹಾಳೆಯನ್ನು ಅಲೆಯ ಸಿಂಚನ ಮುಟ್ಟುವಷ್ಟು ಹತ್ತಿರ ಬಳಸದಿರುವುದೇ ಲೇಸು. ಕತ್ತರಿಸಿದ ಪ್ರತಿ ಅಂಚೂ ತುಕ್ಕಿಗೆ ತೆರೆದ ಬಾಗಿಲು.

ಮುಂದಿನ ವಿವರವೆಲ್ಲ 8 ಮಿ.ಮೀ. ದಪ್ಪದ ಫೈಬರ್ ಸಿಮೆಂಟ್ ಹಲಗೆಯನ್ನು ಮರದ ಚೌಕಟ್ಟಿನ ಗೋಡೆಗೆ ಅಡ್ಡಲಾಗಿ, ಒಂದರ ಮೇಲೊಂದು ಹೊದೆಸುವ ಕೆಲಸದ್ದು.

ಮೊಳೆಯಲ್ಲಿ ಉಳಿತಾಯ ಬೇಡ

ಇಡೀ ಕೆಲಸದಲ್ಲಿ ಮೊಳೆಯ ಖರ್ಚು ತೀರಾ ಸಣ್ಣದು, ಆದರೂ ಜನ ಕೈ ಬಿಗಿ ಹಿಡಿಯುವುದು ಅಲ್ಲೇ. ಲೋಹ ಎಷ್ಟು ಬೇಗ ಸವೆಯುತ್ತದೆ ಎಂಬುದಕ್ಕೆ ಐಎಸ್‌ಒ 9223 ಮಾನಕ ವಾತಾವರಣವನ್ನು ವರ್ಗ ಮಾಡಿದೆ. ಉಪ್ಪು ಹೆಚ್ಚಿರುವ ತೀರ 'ಸಿ5' ವರ್ಗಕ್ಕೆ ಬರುತ್ತದೆ. ಅಲ್ಲಿ ಸತುವಿನ ಲೇಪ ವರ್ಷಕ್ಕೆ 4.2ರಿಂದ 8.4 ಮೈಕ್ರಾನ್ ಸವೆಯುತ್ತದೆ. ವಿದ್ಯುತ್ ಲೇಪನದ ಹೊಳಪು ಮೊಳೆಯ ಮೇಲೆ ಇರುವುದೇ 5–10 ಮೈಕ್ರಾನ್ ಆಸುಪಾಸು, ಅಂದರೆ ಒಂದೆರಡು ಮಳೆಗಾಲಕ್ಕೆ ಲೇಪ ಮುಗಿಯಿತು. ಕರಗಿದ ಸತುವಿನಲ್ಲಿ ಅದ್ದಿದ, 50 ಮೈಕ್ರಾನ್ ಲೇಪದ ಮೊಳೆಯೂ ಅಲ್ಲಿ 6ರಿಂದ 12 ವರ್ಷ ತಡೆದೀತು. ಹಲಗೆ ಅದಕ್ಕಿಂತ ಬಹಳ ಹೆಚ್ಚು ಬಾಳುತ್ತದೆ. ಹಲಗೆ ಗಟ್ಟಿಯಾಗಿದ್ದು ಮೊಳೆ ಮಾತ್ರ ಸತ್ತ ಗೋಡೆ ಅಂದರೆ ಗಾಳಿಗೆ ಹಾರಲು ಕಾದು ಕೂತ ಗೋಡೆ.

ಆದ್ದರಿಂದ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಮೊಳೆಯನ್ನೇ ಕೇಳಿ. 304ರಲ್ಲಿ ಇಲ್ಲದ ಮಾಲಿಬ್ಡಿನಮ್ ಅದರಲ್ಲಿ ಸುಮಾರು 2 ಶೇಕಡ ಇರುತ್ತದೆ, ಉಪ್ಪು ಕೊರೆಯುವ ಸಣ್ಣ ಸಣ್ಣ ಗುಂಡಿಗಳನ್ನು ತಡೆಯುವುದು ಅದೇ. ತಾಮ್ರದ ಅಂಶವಿರುವ ರಾಸಾಯನಿಕದಲ್ಲಿ ಸಂಸ್ಕರಿಸಿದ ರೀಪುಗಳು (ಹಲಗೆಯ ಹಿಂದೆ ಸಂದು ಬಿಡಲು ಹೊಡೆಯುವ ಮರದ ಪಟ್ಟಿಗಳು) ಸಾಮಾನ್ಯ ಮೊಳೆಯನ್ನು ಇನ್ನೂ ಬೇಗ ತಿನ್ನುತ್ತವೆ. ಕಿಟಕಿಯ ತಲೆಗೆ, ಹಲಗೆಗಳ ಜೋಡಣೆಗೆ ಅಲ್ಯೂಮಿನಿಯಂ ತಗಡು ಬಳಸುವುದಾದರೆ ಬಣ್ಣದ ಲೇಪವಿರುವುದೇ ಆಗಬೇಕು. ಹಸಿ ಸಿಮೆಂಟಿನ ಕ್ಷಾರಕ್ಕೆ ಬರಿ ಅಲ್ಯೂಮಿನಿಯಂ ತೂತು ಬೀಳುತ್ತದೆ.

ಉದ್ದ ಎಷ್ಟು? ಹಲಗೆ 8, ರೀಪು 20, ಅದರ ಹಿಂದಿನ ಪ್ಲೈವುಡ್ 12, ಮರದ ಕಂಬದೊಳಗೆ ಕನಿಷ್ಠ 30: ಒಟ್ಟು 70. ಹಾಗಾಗಿ 75 ಮಿ.ಮೀ. ಮೊಳೆ. 20 ಮಿ.ಮೀ. ರೀಪು ಬರೀ ಸಂದು ಬಿಡಲು ಇರುವಂಥದ್ದು, ಭಾರ ಹೊರಲು ಅಲ್ಲ. ಮೊಳೆ ರೀಪಿನಲ್ಲೇ ನಿಂತರೆ ಸಾಲದು. ಇಟ್ಟಿಗೆ ಅಥವಾ ಕಾಂಕ್ರೀಟ್ ಗೋಡೆಯಾದರೆ ಲೆಕ್ಕ ಬೇರೆ: ಸುಮಾರು 40 ಮಿ.ಮೀ. ದಪ್ಪದ ರೀಪನ್ನು ಆಂಕರ್ ಬೋಲ್ಟಿನಿಂದ ಗೋಡೆಗೆ ಕೂರಿಸಿ, ಹಲಗೆಯನ್ನು ರೀಪಿಗೇ ಹೊಡೆಯಬೇಕು.

ಎಷ್ಟು ಬೇಕು?

9 ಮೀಟರ್ ಉದ್ದ, 3 ಮೀಟರ್ ಎತ್ತರದ ಗೋಡೆ ಇದೆ ಎನ್ನಿ: 27 ಚದರ ಮೀಟರ್. 1.5 × 1.2ರ ಎರಡು ಕಿಟಕಿ, 1 × 2.1ರ ಒಂದು ಬಾಗಿಲು ಕಳೆದರೆ 21.3 ಉಳಿಯಿತು. 210 ಮಿ.ಮೀ. ಅಗಲದ ಹಲಗೆಯಲ್ಲಿ 32 ಮಿ.ಮೀ. ಮೇಲಿನ ಹಲಗೆಯ ಅಡಿ ಹೋಗುತ್ತದೆ, ಕಾಣುವುದು 178 ಮಾತ್ರ. ಉದ್ದ 3.66 ಮೀಟರ್ ಇದ್ದರೆ ಒಂದು ಹಲಗೆ ಮುಚ್ಚುವುದು 0.65 ಚದರ ಮೀಟರ್. ಅಂದರೆ 33 ಹಲಗೆ, ಕತ್ತರಿಸಿ ವ್ಯರ್ಥವಾಗುವುದಕ್ಕೆ ಶೇ 10 ಸೇರಿಸಿ 37. ರೀಪು 400 ಮಿ.ಮೀ.ಗೊಂದರಂತೆ 24 ಸಾಲು, 72 ಮೀಟರ್. ಕಿಟಕಿ, ಬಾಗಿಲು, ಮೂಲೆಗಳ ಹೆಚ್ಚುವರಿ ಸೇರಿ 90 ಮೀಟರ್ ತರಿಸಿ. ಮೊಳೆ ಹಲಗೆಗೆ ಹತ್ತರಂತೆ 370. ಬಾಗುವವು, ಬಿದ್ದುಹೋಗುವವು ಸೇರಿ 450.

ಹಲಗೆ ಬಂದಕೂಡಲೇ ನೆಲದಿಂದ ಎತ್ತರಿಸಿ, ಮಟ್ಟಸವಾಗಿ ಮಲಗಿಸಿ, ಮೇಲೆ ಟಾರ್ಪಾಲು ಹೊದೆಸಿ. ನೆನೆದ ಹಲಗೆ ಹೊಡೆದರೆ ಒಣಗುತ್ತಾ ಕುಗ್ಗಿ ಜೋಡಣೆ ಬಾಯಿ ಬಿಡುತ್ತದೆ.

ಗೋಡೆ ಸಿದ್ಧತೆ, ಮೆಂಬ್ರೇನ್

ಹಳೆಯ ಹೊದಿಕೆ ಕೀಳುವಾಗ ಎಚ್ಚರ. ಹಳೆಯ ಸಿಮೆಂಟ್ ಹಾಳೆಯಲ್ಲಿ ಕಲ್ನಾರು ಇರಬಹುದು. ಅನುಮಾನವಿದ್ದರೆ ಪರೀಕ್ಷೆ ಮಾಡಿಸುವವರೆಗೆ ಒಡೆಯುವುದು, ಗರಗಸ ಹಾಕುವುದು ಬೇಡ. ಕೊಳೆತ ಮರವನ್ನು ಗಟ್ಟಿ ಮರ ಸಿಗುವವರೆಗೂ ಕತ್ತರಿಸಿ ಬದಲಿಸಿ.

ನಂತರ ನೀರು ತಡೆಯುವ, ಆದರೆ ಆವಿಯನ್ನು ಬಿಟ್ಟುಕೊಡುವ ಮೆಂಬ್ರೇನ್. ಮಾಮೂಲಿ ಪ್ಲಾಸ್ಟಿಕ್ ಹಾಳೆ ಖಂಡಿತ ಬೇಡ, ಗೋಡೆಯೊಳಗೆ ಸೇರಿದ ತೇವ ಹೊರಗೆ ಹೋಗಲಾರದು. ಕೆಳಗಿನಿಂದ ಶುರು ಮಾಡಿ, ಮೇಲಿನ ಸುತ್ತು ಕೆಳಗಿನದರ ಮೇಲೆ 150 ಮಿ.ಮೀ. ಬರುವಂತೆ ಹೊದೆಸಿ, ಹೆಂಚಿನ ಮೇಲೆ ಹೆಂಚು ಕೂರುವ ಕ್ರಮದಲ್ಲೇ. ಇದೊಂದು ಕ್ರಮ ತಪ್ಪಿದರೆ ಟೇಪು, ಸೀಲಂಟ್ (ಸಂದು ಮುಚ್ಚುವ ಅಂಟು) ಎಷ್ಟು ಸುರಿದರೂ ಪ್ರಯೋಜನವಿಲ್ಲ. ಬಿಸಿ ಹವೆಯ ತೀರದಲ್ಲಿ ಎ.ಸಿ. ಹಾಕಿದ ಮನೆಯಾದರೆ ಇನ್ನೊಂದು ಮಾತು: ಆವಿ ಹೊರಗಿನಿಂದ ತಂಪಾದ ಒಳಗೋಡೆಯತ್ತ ನುಗ್ಗುತ್ತದೆ, ಹಾಗಾಗಿ ಒಳಬದಿಗೆ ವಿನೈಲ್ ವಾಲ್‌ಪೇಪರ್ ಅಂಟಿಸಬೇಡಿ.

ಕಿಟಕಿ: ನಿಧಾನಿಸಬೇಕಾದ ಜಾಗ

ಸೋರುವ ಗೋಡೆಯನ್ನು ಬಿಚ್ಚಿದಾಗ ಕೊಳೆತ ಹೆಚ್ಚಾಗಿ ಕಾಣುವುದು ಕಿಟಕಿಯ ಕೆಳಗಿನ ಎರಡು ಮೂಲೆಗಳಲ್ಲಿ. ಆದ್ದರಿಂದ ಕಿಟಕಿ ಕೂರಿಸುವ ಮೊದಲೇ ತಳಕ್ಕೆ ಹೊರಮುಖವಾಗಿ ಇಳಿಜಾರು ಕೊಟ್ಟು, ಮೇಲೆ ನೀರುತಡೆ ಟೇಪು ಹಾಸಿ, ಎರಡು ತುದಿಯಲ್ಲೂ ಅದನ್ನು ಪಕ್ಕಕ್ಕೆ 150 ಮಿ.ಮೀ. ಏರಿಸಿ. ಒಳಬದಿಗೆ ಸಣ್ಣ ಏರು ಇರಲಿ. ಕಿಟಕಿ ಸೋರಿದರೂ ಆ ನೀರು ತಟ್ಟೆಯಂತಹ ಈ ತಳದಿಂದ ಹೊರಗೇ ಬೀಳಬೇಕು.

ಕಿಟಕಿ ಕೂರಿಸಿದ ಮೇಲೆ ಮೊದಲು ಎರಡು ಪಕ್ಕಕ್ಕೆ ಟೇಪು, ಕೊನೆಗೆ ತಲೆಗೆ. ತಲೆಯ ಮೇಲೆ ಫ್ಲಾಶಿಂಗ್, ಅಂದರೆ ನೀರನ್ನು ಹೊರಕ್ಕೆ ತಿರುಗಿಸುವ ತಗಡಿನ ಪಟ್ಟಿ. ಅದರ ಹಿಂಬದಿ ಏರು ಮೆಂಬ್ರೇನಿನ ಅಡಿಗೆ ಹೋಗಬೇಕು, ಮುಂಭಾಗ ಇಳಿಜಾರಾಗಿ ಚೌಕಟ್ಟಿಗಿಂತ ಎರಡು ಕಡೆಯೂ 20–30 ಮಿ.ಮೀ. ಚಾಚಿರಬೇಕು. ಮೆಂಬ್ರೇನಿನ ಹೊರಗೆ ತಗಡು ಹೊಡೆದು ಮೇಲಂಚಿಗೆ ಸೀಲಂಟ್ ಎಳೆಯುವ ಅಭ್ಯಾಸ ಕೆಲವರಿಗಿದೆ. ಆ ಸೀಲಂಟ್ ಒಣಗಿ ಬಿರುಕು ಬಿಟ್ಟ ದಿನ ಗೋಡೆಯ ನೀರೆಲ್ಲ ಕಿಟಕಿಯ ಹಿಂದೆ ಸೇರುತ್ತದೆ.

ಕಿಟಕಿಯ ಕೆಳಅಂಚನ್ನು ಮಾತ್ರ ಹೊರಗಿನಿಂದ ಮುಚ್ಚಬಾರದು. ಮೂರು ಕಡೆ ಮುಚ್ಚಿ ನಾಲ್ಕನೆಯದನ್ನು ಬಿಡುವುದು ಅರೆಬರೆ ಕೆಲಸದಂತೆ ಕಾಣುತ್ತದೆ, ಹಾಗಾಗಿ 'ಪೂರ್ತಿ' ಮಾಡುವ ಹುಮ್ಮಸ್ಸಿನಲ್ಲಿ ಬಣ್ಣ ಹೊಡೆಯುವವರು ಬಂದು ಅದನ್ನೂ ಮುಚ್ಚಿಬಿಡುತ್ತಾರೆ. ಮೊದಲೇ ಹೇಳಿಡಿ.

ಇಷ್ಟಾದ ಮೇಲೆ, ಹಲಗೆ ಹೊಡೆಯುವ ಮುನ್ನ, ಪೈಪಿನಿಂದ ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ 10–15 ನಿಮಿಷ ನೀರು ಹಾಯಿಸಿ, ಒಳಗೆ ಒಬ್ಬರನ್ನು ನಿಲ್ಲಿಸಿ ನೋಡಿ. ಸೋರಿಕೆ ಸರಿಪಡಿಸಲು ಇದಕ್ಕಿಂತ ಅಗ್ಗದ ಸಮಯ ಮತ್ತೆ ಬರುವುದಿಲ್ಲ.

ರೀಪು, ಆಮೇಲೆ ಹಲಗೆ

ರೀಪುಗಳನ್ನು ಯಾವಾಗಲೂ ನೆಟ್ಟಗೆ, ಕಂಬಗಳ ನೇರಕ್ಕೆ ಹೊಡೆಯಿರಿ. ಅಡ್ಡರೀಪು ಹೊಡೆದರೆ ಪ್ರತಿಯೊಂದೂ ಒಂದು ಒಡ್ಡು, ನೀರು ಅದರ ಮೇಲೆ ನಿಲ್ಲುತ್ತದೆ. ಕೆಳತುದಿಯಲ್ಲಿ 3–5 ಮಿ.ಮೀ. ತೂತುಗಳಿರುವ ಜಾಲರಿ ಪಟ್ಟಿ ಕೂರಿಸಿ: ನೀರು ಹೊರಗೆ, ಗಾಳಿ ಒಳಗೆ, ಹುಳ ಇಲಿಗಳಿಗೆ ಪ್ರವೇಶವಿಲ್ಲ. ಮೇಲೆ ಸೂರಿನ ಕೆಳಗೂ ಗಾಳಿ ಹೊರಹೋಗಲು ಕಿಂಡಿ ಬಿಡಿ.

ಮೊದಲ ಸಾಲಿಗೆ ರಸಮಟ್ಟ ಹಿಡಿದು ಸುತ್ತಲೂ ದಾರದ ಗೆರೆ ಹೊಡೆಯಿರಿ. ಮಣ್ಣಿನಿಂದ 150 ಮಿ.ಮೀ., ಕಾಂಕ್ರೀಟ್ ನೆಲ ಅಥವಾ ಕೆಳಛಾವಣಿಯಿಂದ 50 ಮಿ.ಮೀ. ಮೇಲಿರಲಿ. ಅಡಿಯಲ್ಲಿ 32 ಮಿ.ಮೀ. ಅಗಲದ ಪಟ್ಟಿ ಕೊಟ್ಟರೆ ಮೊದಲ ಹಲಗೆಯೂ ಉಳಿದವುಗಳ ಓರೆಗೇ ನಿಲ್ಲುತ್ತದೆ.

ಹಲಗೆಯ ಮೇಲಂಚಿನಿಂದ 25 ಮಿ.ಮೀ. ಕೆಳಗೆ, ತುದಿಯಿಂದ ಕನಿಷ್ಠ 10 ಮಿ.ಮೀ. ಒಳಗೆ ಮೊಳೆ, ಮುಂದಿನ ಹಲಗೆ ಅದನ್ನು ಮುಚ್ಚುತ್ತದೆ. ಮೊಳೆತಲೆ ಹಲಗೆಗೆ ತಾಗಿ ನಿಂತರೆ ಸಾಕು. ಮೊಳೆಗನ್ನಿನ ಒತ್ತಡ ಹೆಚ್ಚಿಟ್ಟರೆ ತಲೆ ಒಳಗೆ ಹೂತು, ಸುತ್ತಲಿನ ಸಿಮೆಂಟು ಪುಡಿಯಾಗಿ, ಹಿಡಿತವೇ ಇರುವುದಿಲ್ಲ. ಅಂಥ ಕಡೆ ಪಕ್ಕದಲ್ಲಿ ಇನ್ನೊಂದು ಹೊಡೆಯಲೇಬೇಕು. ಬಿರುಗಾಳಿಯ ಸೆಳೆತ ಗೋಡೆಯ ನಡುವಿಗಿಂತ ಮೂಲೆಯಲ್ಲೂ ಮೇಲಂಚಿನಲ್ಲೂ ಜೋರು. ಅಲ್ಲಿ ತಯಾರಕರ ಗಾಳಿವೇಗದ ಕೋಷ್ಟಕ ನೋಡಿ ಮೊಳೆಯ ಅಂತರ ಕಡಿಮೆ ಮಾಡಿ, ಬೇಕಾದರೆ ಕೆಳಅಂಚಿಗೂ ಕಾಣುವಂತೆ ಮೊಳೆ ಹೊಡೆಯಿರಿ. ಅಂದಕ್ಕೆ ಸ್ವಲ್ಪ ಕುಂದು, ಆದರೂ ಹಲಗೆ ಗೋಡೆಯ ಮೇಲೇ ಇರುತ್ತದೆ.

ಎರಡು ಹಲಗೆ ಸೇರುವ ಜಾಗ ರೀಪಿನ ಮೇಲೇ ಬರಬೇಕು, ಅದರ ಹಿಂದೆ 150 ಮಿ.ಮೀ. ಅಗಲದ ತಗಡು ಅಥವಾ ಮೆಂಬ್ರೇನ್ ತುಂಡು ಇಡಿ. ಆಗ ಹೊರಗೆ ಸೀಲಂಟ್ ಬೇಕಾಗಿಲ್ಲ. ಮೂಲೆಪಟ್ಟಿ, ಕಿಟಕಿಪಟ್ಟಿಯ ಪಕ್ಕ 3 ಮಿ.ಮೀ. ಸಂದು ಬಿಡಿ. ಕಿಟಕಿಯ ತಲೆಯ ಫ್ಲಾಶಿಂಗ್ ಮೇಲೆ 6 ಮಿ.ಮೀ. ಬಿಡಿ, ಅದನ್ನು ಎಂದೂ ಮುಚ್ಚಬೇಡಿ. ಇಳಿಜಾರು ಛಾವಣಿ ಗೋಡೆಯ ನಡುವೆ ಬಂದು ಮುಗಿಯುವಲ್ಲಿ ನೀರನ್ನು ಸೂರಿನ ದೋಣಿಯತ್ತ (ಗಟರ್) ತಿರುಗಿಸುವ ಬಾಗಿದ ತಗಡು ಇರಲೇಬೇಕು. ಅದಿಲ್ಲದಿದ್ದರೆ ಇಡೀ ಛಾವಣಿಯ ನೀರು ಒಂದೇ ಜಾಗದಲ್ಲಿ ಹೊದಿಕೆಯ ಹಿಂದಕ್ಕೆ ನುಗ್ಗುತ್ತದೆ.

ಕತ್ತರಿಸುವುದು ಬಯಲಿನಲ್ಲಿ, ಗಾಳಿ ನಿಮ್ಮಿಂದ ಆಚೆ ಬೀಸುವ ದಿಕ್ಕಿಗೆ. ದೂಳಿನಲ್ಲಿರುವ ಸಿಲಿಕಾ ಶ್ವಾಸಕೋಶಕ್ಕೆ ಶಾಶ್ವತ ಹಾನಿ ಮಾಡುತ್ತದೆ. ಬಟ್ಟೆ ಸುತ್ತಿಕೊಂಡರೆ ಸಾಲದು, ಮುಖಕ್ಕೆ ಬಿಗಿಯಾಗಿ ಕೂರುವ ಎನ್95 ಮಾಸ್ಕ್ ಆದರೂ ಬೇಕು. ಕೈ ಕತ್ತರಿಯಂತಹ ಶಿಯರ್ ಬಳಸಿದರೆ ದೂಳೇ ಕಡಿಮೆ. ಕತ್ತರಿಸಿದ ಅಂಚಿಗೆ ಹಲಗೆ ಗೋಡೆಗೇರುವ ಮೊದಲೇ ಪ್ರೈಮರ್ ಬಳಿಯಿರಿ. ಆಮೇಲೆ ಎರಡು ಕೋಟು ಹೊರಾಂಗಣದ ಅಕ್ರಿಲಿಕ್ ಬಣ್ಣ.

ಮಳೆ ಮುಟ್ಟದ ಗೋಡೆಯೇ ಮೊದಲು ಕೆಡುತ್ತದೆ

ಸೂರಿನ ಆಳದ ನೆರಳಲ್ಲಿ ಮಳೆ ತಾಗದ ಗೋಡೆ ಸುರಕ್ಷಿತ ಎಂದುಕೊಳ್ಳುವುದು ಸಹಜ. ಲೋಹದ ಮಟ್ಟಿಗೆ ಅದು ತಿರುಗುಮುರುಗು. ಬಯಲಿನ ಗೋಡೆಯ ಉಪ್ಪನ್ನು ಮಳೆಯೇ ತೊಳೆಯುತ್ತದೆ, ಸೂರಿನಡಿ ಅದು ಪದರ ಕಟ್ಟಿ ರಾತ್ರಿಯ ತೇವ ಹೀರಿ ಮೊಳೆ ತಗಡುಗಳನ್ನು ತಿನ್ನುತ್ತಾ ಕೂರುತ್ತದೆ. ವರ್ಷಕ್ಕೆ ಎರಡು ಬಾರಿ ಅಂಥ ಜಾಗಗಳನ್ನು ಸಿಹಿನೀರಿನಿಂದ ತೊಳೆಯಿರಿ. ಮೆದು ಬ್ರಷ್, ಸಾಮಾನ್ಯ ಪೈಪು ಸಾಕು. ಪ್ರೆಷರ್ ವಾಷರ್ ಕೆಳಗಿನಿಂದ ಮೇಲಕ್ಕೆ ಹಿಡಿದರೆ ನೀರು ಜೋಡಣೆಯ ಸಂದಿನಿಂದ ನೇರ ಹಿಂದಕ್ಕೇ ಹೋಗುತ್ತದೆ. ಅದೇ ಹೊತ್ತಿಗೆ ಸೀಲಂಟ್ ಬಿರುಕು ನೋಡಿ, ಕೆಳಗಿನ ಜಾಲರಿಯಲ್ಲಿ ಎಲೆ, ಜೇಡರ ಬಲೆ ಕಟ್ಟಿದ್ದರೆ ತೆಗೆಯಿರಿ. ಗಿಡ ನೆಟ್ಟು ಮಣ್ಣು ಏರಿಸಿದವರು 150 ಮಿ.ಮೀ. ಅಂತರವನ್ನು ಮತ್ತೆ ಅಳೆಯಿರಿ.