ಮಾತೃಕೆಯನ್ನು ಎರಡು ಸಮಮಿತ ಮಾತೃಕೆಗಳಾಗಿ ಒಡೆದದ್ದು: ನನ್ನ ಅನುಭವ

ನೈಜ ಸಂಖ್ಯೆಗಳ ಯಾವುದೇ ಚೌಕ ಮಾತೃಕೆಯನ್ನು (ಮ್ಯಾಟ್ರಿಕ್ಸ್) ಎರಡು ನೈಜ ಸಮಮಿತ (ಕರ್ಣದ ಎರಡೂ ಬದಿಯ ಅಂಕಿಗಳು ಕನ್ನಡಿಯಂತೆ ಒಂದೇ ಆಗಿರುವ) ಮಾತೃಕೆಗಳ ಗುಣಲಬ್ಧವಾಗಿ ಬರೆಯಬಹುದೆಂದೂ ಅವುಗಳಲ್ಲೊಂದಕ್ಕೆ ವಿಲೋಮ ಇರುವಂತೆ ಆರಿಸಿಕೊಳ್ಳಬಹುದೆಂದೂ ಜರ್ಮನ್ ಗಣಿತಜ್ಞ ಫ್ರೊಬೇನಿಯಸ್ 1910ರಲ್ಲಿಯೇ ತೋರಿಸಿದ್ದರು. ನೈಜ ಸಮಮಿತವಾದದ್ದು ಹರ್ಮಿಷಿಯನ್ (ಸಮಮಿತಕ್ಕೆ ಸಂಕೀರ್ಣ ಸಂಖ್ಯೆಗಳಲ್ಲಿರುವ ಪ್ರತಿರೂಪ) ಕೂಡ ಆಗಿರುವುದರಿಂದ, ನೈಜ ಮಾತೃಕೆಯನ್ನು ಎರಡು ಹರ್ಮಿಷಿಯನ್ ಅಪವರ್ತನಗಳಾಗಿ ಒಡೆಯಬಹುದೇ ಎಂಬ ಪ್ರಶ್ನೆಗೂ ಇದೇ ಉತ್ತರ. ಕಾಸರಗೋಡಿನ ನಮ್ಮ ಎಂ.ಎಸ್ಸಿ. ತರಗತಿಗೆ ಇದನ್ನು ಗಣಿತ ಲೆಕ್ಕದ ತಂತ್ರಾಂಶವಾದ ಆಕ್ಟೇವ್‌ನಲ್ಲಿ ಮಾಡಿ ತೋರಿಸಬೇಕಾಗಿ ಬಂದಾಗ ಪಠ್ಯಪುಸ್ತಕದ ಜೋರ್ಡನ್ ರೂಪದ (ಮಾತೃಕೆಯನ್ನು ಕರ್ಣದುದ್ದಕ್ಕೂ ಸಣ್ಣ ಖಂಡಗಳಾಗಿ ಜೋಡಿಸಿ ಬರೆಯುವ ಸರಳ ರೂಪ) ದಾರಿಯನ್ನು ನಾನು ಹಿಡಿಯಲಿಲ್ಲ. ಅಂಕಿಗಳಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಆ ರೂಪವೇ ಬದಲಾಗಿಬಿಡಬಹುದು.

ನಮ್ಮ ಮಾತೃಕೆ 'ಮ' ಆಗಿರಲಿ. 'ಮಕ' ಎಂಬ ಗುಣಲಬ್ಧವೂ ಸಮಮಿತವಾಗುವಂಥ ಸಮಮಿತ 'ಕ' ಸಿಕ್ಕಿ ಅದಕ್ಕೆ ವಿಲೋಮವಿದ್ದರೆ, 'ಮಕ' ಒಂದು ಅಪವರ್ತನ, 'ಕ'ದ ವಿಲೋಮ ಇನ್ನೊಂದು. ಹತ್ತು ಸಾಲಿನ ಮಾತೃಕೆಗೆ 55 ಅವ್ಯಕ್ತಗಳು, 45 ರೇಖೀಯ ಸಮೀಕರಣಗಳು; ಹಾಗಾಗಿ ಪರಿಹಾರಗಳ ಅವಕಾಶಕ್ಕೆ (ಸ್ಪೇಸ್) ಕನಿಷ್ಠ 10 ಆಯಾಮವಂತೂ ಇದ್ದೇ ಇರುತ್ತದೆ. ಅದರ ಆಧಾರ ಸದಿಶಗಳನ್ನು ಯಾದೃಚ್ಛಿಕವಾಗಿ ಬೆರೆಸಿ, ಕಂಡೀಷನ್ ಸಂಖ್ಯೆ (ಸಣ್ಣ ದೋಷ ಎಷ್ಟು ಪಟ್ಟು ಹಿಗ್ಗಬಹುದೆಂಬ ಅಳತೆ) ಅತಿ ಕಡಿಮೆಯಿರುವ 'ಕ'ವನ್ನು ಉಳಿಸಿಕೊಂಡೆ. ಮರುಗುಣಿಸಿದಾಗ ಬರುವ ದೋಷ ಬಹುಮಟ್ಟಿಗೆ ಆ ಸಂಖ್ಯೆಯನ್ನೇ ಅನುಸರಿಸುತ್ತದೆ. ದೊಡ್ಡ ಮಾತೃಕೆಗಳಿಗೆ ಈ ವಿಧಾನ ಬಲು ದುಬಾರಿ.

ಒಂದು ಉದಾಹರಣೆಯ 'ಮ': ಮೊದಲ ಸಾಲು 1, 1; ಎರಡನೆಯ ಸಾಲು 0, 1+ದ; ಇಲ್ಲಿ 'ದ' ಎಂದರೆ ಹತ್ತು ಕೋಟಿಯಲ್ಲಿ ಒಂದಂಶ. ಐಗನ್ ಸದಿಶಗಳಿಂದ (ಮಾತೃಕೆಯಿಂದ ಗುಣಿಸಿದರೂ ಅದೇ ರೇಖೆಯಲ್ಲಿ ಉಳಿದು ಅಳತೆ ಮಾತ್ರ ಬದಲಾಗುವ ಸದಿಶಗಳು) 'ಕ'ವನ್ನು ಕಟ್ಟಿದರೆ ಕಂಡೀಷನ್ ಸಂಖ್ಯೆ ಸುಮಾರು 4ರ ಮುಂದೆ 16 ಸೊನ್ನೆಗಳಷ್ಟಾಗುತ್ತದೆ. ಸುಮಾರು 16 ಅಂಕಿಗಳನ್ನಷ್ಟೇ ಹಿಡಿದಿಡುವ ಡಬಲ್ ಪ್ರಿಸಿಷನ್‌ನಲ್ಲಿ ಅಲ್ಲಿಗೆ ಏನೂ ಉಳಿಯುವುದಿಲ್ಲ. ಆದರೆ 0, 1; 1, ದ ಎಂಬ ಸಾಲುಗಳ 'ಕ' ಕೂಡ ಸಮೀಕರಣಕ್ಕೆ ಸರಿಹೊಂದುತ್ತದೆ, ಅದರ ಕಂಡೀಷನ್ ಸಂಖ್ಯೆ ಹೆಚ್ಚುಕಡಿಮೆ 1. ಕೆಟ್ಟದ್ದು ಐಗನ್ ಸದಿಶಗಳ ದಾರಿಯೇ ಹೊರತು ಮಾತೃಕೆಯಲ್ಲ ಎಂಬುದನ್ನು ವಿದ್ಯಾರ್ಥಿಗಳು ಇಲ್ಲಿ ಕೈಯಾರೆ ಲೆಕ್ಕ ಮಾಡಿಯೇ ಕಂಡುಕೊಂಡರು.

ಅಪವರ್ತನಗಳೂ ಸ್ಥಿರವೇ, ಅಂದರೆ 'ಮ' ತುಸು ಬದಲಾದರೆ ಅವೂ ತುಸುವೇ ಬದಲಾಗುತ್ತವೆಯೇ ಎಂಬುದು ಬೇರೆ ಪ್ರಶ್ನೆ. ಪ್ರತಿ ಐಗನ್ ಮೌಲ್ಯಕ್ಕೂ (ಐಗನ್ ಸದಿಶದ ಅಳತೆ ಬದಲಾಗುವ ಪ್ರಮಾಣ) ಒಂದೇ ಜೋರ್ಡನ್ ಖಂಡವಿದ್ದರೆ ಪರಿಹಾರಗಳ ಆಯಾಮ ಮಾತೃಕೆಯ ಸಾಲುಗಳಷ್ಟೇ ಇದ್ದು, 'ಮ' ತುಸು ಅಲುಗಿದರೂ ಹತ್ತಿರದಲ್ಲೇ ಹೊಸ 'ಕ' ದೊರೆಯುತ್ತದೆ. ಐಡೆಂಟಿಟಿ ಮಾತೃಕೆಯಲ್ಲಿ (ಕರ್ಣದಲ್ಲಿ 1, ಉಳಿದೆಡೆ 0) ಹಾಗಲ್ಲ: ಅಲ್ಲಿ 'ಕ'ವೂ ಐಡೆಂಟಿಟಿಯೇ ಆಗಬಹುದು, ಆದರೆ ಎರಡು ಸಾಲಿನ 'ಮ'ದ ಬಲ ಮೇಲ್ಮೂಲೆಯ ಸೊನ್ನೆಗೆ ಎಷ್ಟೇ ಸಣ್ಣ ಸಂಖ್ಯೆಯನ್ನು ಸೇರಿಸಿದರೂ 'ಕ'ದ ಬಲ ಕೆಳಮೂಲೆಯ 1 ಒಮ್ಮೆಗೇ 0 ಆಗಲೇಬೇಕು. ಆದ್ದರಿಂದ ಪರಿಹಾರಗಳ ಆಯಾಮ ಸಾಲುಗಳ ಸಂಖ್ಯೆಯನ್ನು ಮೀರಿದಾಗ, ಗುಣಲಬ್ಧವನ್ನು ಮಾತ್ರ ನಂಬಿ, ಬಿಡಿ ಅಪವರ್ತನಗಳ ಅಂಕಿಗಳಿಂದ ಮುಂದಿನ ಯಾವ ಲೆಕ್ಕವನ್ನೂ ಮಾಡಬೇಡಿ ಎಂದು ತರಗತಿಯಲ್ಲಿ ಹೇಳುತ್ತೇನೆ.