ಕ್ಯಾಟ್ಲಿನ್ಸ್ ಕರಾವಳಿ ಒಂದೇ ದಿನದಲ್ಲಿ: ಮೂರನೆಯ ಸಲಕ್ಕೆ ಕೈಹಿಡಿದ ಇಳಿತದ ಲೆಕ್ಕ

ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಆಗ್ನೇಯ ಮೂಲೆಯಲ್ಲಿರುವ ಕ್ಯಾಟ್ಲಿನ್ಸ್ ಕರಾವಳಿಯನ್ನು ಒಂದೇ ದಿನದಲ್ಲಿ, ನೋಡಬೇಕಾದದ್ದನ್ನು ನೋಡಬೇಕಾದ ಹೊತ್ತಿಗೇ ನೋಡಿ ಮುಗಿಸಬಹುದು ಎಂದು ನಾನು ಹೇಳಿದಾಗ ಡ್ಯುನೀಡಿನ್‌ನ ನಮ್ಮ ಕನ್ನಡ ಬಳಗದಲ್ಲಿ ಒಬ್ಬರೂ ನಂಬಲಿಲ್ಲ. ಎರಡು ರಾತ್ರಿಯಾದರೂ ಅಲ್ಲಿ ತಂಗಬೇಕು, ಇಲ್ಲದಿದ್ದರೆ ಕಾರಿನ ಕಿಟಕಿಯಿಂದ ಕುರಿಗಳನ್ನು ನೋಡಿ ಬಂದಂತಾಗುತ್ತದೆ ಎಂಬುದು ಎಲ್ಲರ ಅಭಿಪ್ರಾಯವಾಗಿತ್ತು. ನಮ್ಮ ಮೊದಲ ಎರಡು ಪ್ರವಾಸಗಳ ಗತಿಯನ್ನು ಬಲ್ಲವರು ಹಾಗೆ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಮೊದಲ ಸಲ ಹೋದದ್ದು ಅಕ್ಟೋಬರ್ ಆರಂಭದಲ್ಲಿ, ಬಾಡಿಗೆ ಕಾರಿನಲ್ಲಿ. ಆಗ ಕಥೀಡ್ರಲ್ ಕೇವ್ಸ್ ಎಂಬ ಕಡಲಗುಹೆಗಳ ಗೇಟು ಚಳಿಗಾಲಕ್ಕೆಂದು ಮುಚ್ಚಿದ್ದು ಇನ್ನೂ ತೆರೆದಿರಲಿಲ್ಲ; ಸ್ಲೋಪ್ ಪಾಯಿಂಟಿಗೆ ಹೋಗುವ ಕಾಲುದಾರಿ ಖಾಸಗಿ ಕುರಿಗಾವಲಿನ ಮೂಲಕ ಹಾಯುವುದರಿಂದ, ಕುರಿಗಳು ಮರಿ ಹಾಕುವ ಆ ತಿಂಗಳುಗಳಲ್ಲಿ ಅದೂ ಬಂದ್ ಆಗಿತ್ತು; ಕ್ಯೂರಿಯೊ ಬೇ ತಲುಪಿದಾಗ ಸಮುದ್ರಕ್ಕೆ ಭರತವಿದ್ದು, ಕಲ್ಲಾದ ಮರಗಳ ಶಿಲಾರಣ್ಯವೆಲ್ಲ ಅಲೆಗಳ ಅಡಿಯಲ್ಲಿತ್ತು. ಮಳೆಯಲ್ಲಿ ಒಂದು ಜಲಪಾತ ನೋಡಿ, ಬಾಡಿಗೆ, ಪೆಟ್ರೋಲು, ವಸತಿ ಎಲ್ಲ ಸೇರಿ ನಾನೂರ ಐವತ್ತು ಡಾಲರ್‌ಗಳಷ್ಟು ಕಳೆದುಕೊಂಡು ಮರಳಿದೆವು.

ಎರಡನೆಯ ಸಲ, ಡಿಸೆಂಬರಿನಲ್ಲಿ, ಉಬ್ಬರವಿಳಿತದ ಕೋಷ್ಟಕವನ್ನು ಮುದ್ರಿಸಿಕೊಂಡೇ ಹೊರಟೆ. ಆ ದಿನ ಇಳಿತ ಬೆಳಿಗ್ಗೆ ಹತ್ತೂವರೆಗೆ ಎಂದಿತ್ತು. ಗುಹೆಗಳಿಗೆ ಇಳಿತಕ್ಕೆ ಎರಡು ಗಂಟೆ ಮೊದಲಿನಿಂದ ಇಳಿತದ ನಂತರ ಒಂದು ಗಂಟೆಯವರೆಗೆ ಮಾತ್ರ ಪ್ರವೇಶ. ನಾವು ಡ್ಯುನೀಡಿನ್ ಕಡೆಯಿಂದ ಗುಹೆಗಳ ತಿರುವನ್ನು ತಲುಪಿದಾಗ ಹನ್ನೆರಡಕ್ಕೆ ಹತ್ತು ನಿಮಿಷವಿತ್ತು. ಹೊತ್ತು ಮೀರಿತೆಂದು ಕಾರಿನ ವೇಗವನ್ನೂ ತಗ್ಗಿಸದೆ ಮುಂದೆ ಸಾಗಿದೆ. ಮುಕ್ಕಾಲು ಗಂಟೆಯ ನಂತರ ಕ್ಯೂರಿಯೊ ಬೇಯಲ್ಲಿ ನೀರು ಲೆಕ್ಕಕ್ಕಿಂತ ಬಹಳ ಕೆಳಗಿದ್ದುದನ್ನು ಕಂಡು ನನ್ನ ಪತ್ನಿಗೆ ಅನುಮಾನ ಬಂತು. ಆಕೆ ಹೊನ್ನಾವರದ ಕಡೆಯವಳು, ಬಂಡೆಯ ಮೇಲಿನ ಒದ್ದೆ ಗೆರೆಯನ್ನು ನೋಡಿಯೇ ನೀರು ಎಷ್ಟು ಹೊತ್ತಿನ ಹಿಂದೆ ಇಳಿದಿತ್ತೆಂದು ಹೇಳಬಲ್ಲಳು. ಕೋಷ್ಟಕವನ್ನು ಕೈಗೆ ತೆಗೆದುಕೊಂಡು ಅಡಿಟಿಪ್ಪಣಿ ಓದಿದಳು. ಅದರಲ್ಲಿನ ಸಮಯವೆಲ್ಲ ನ್ಯೂಜಿಲೆಂಡಿನ ಪ್ರಮಾಣಿತ ಸಮಯ. ಬೇಸಿಗೆಯಲ್ಲಿ ಗಡಿಯಾರವನ್ನು ಮುಂದೆ ತಿರುಗಿಸಿರುವಾಗ ಒಂದು ಗಂಟೆ ಕೂಡಿಸಿಕೊಳ್ಳಬೇಕು. ಅಂದರೆ ನಾವು ದಾಟಿ ಬಂದಾಗ ಗೇಟು ತೆರೆದೇ ಇತ್ತು! ಅದೇ ದಿನ ಸ್ಲೋಪ್ ಪಾಯಿಂಟಿನ ಜಲ್ಲಿರಸ್ತೆಯಲ್ಲಿ ಎದುರಿನ ವಾಹನದಿಂದ ಸಿಡಿದ ಕಲ್ಲು ಮುಂಗಾಜಿಗೆ ಬಡಿಯಿತು. ಬಾಡಿಗೆ ಒಪ್ಪಂದವನ್ನು ನಾನು ಸರಿಯಾಗಿ ಓದಿರಲಿಲ್ಲ. ಗಾಜಿನ ಖರ್ಚು ವಿಮೆಯಿಂದ ಹೊರಗಿತ್ತು. ಆ ಪ್ರವಾಸ ಏಳುನೂರರ ಗಡಿ ದಾಟಿತು. ನನ್ನ ಹಳೆಯ ಕಾರಿನಲ್ಲೇ ಹೋಗಬೇಕೆಂದು ತೀರ್ಮಾನಿಸಿದ್ದು ಆ ಬಿಲ್ಲು ನೋಡಿದ ಮೇಲೆ.

ಮೂರನೆಯ ಸಲ ನಾವು ಬದಲಾಯಿಸಿದ್ದು ಎರಡು ಸಂಗತಿಗಳನ್ನು. ಎಲ್ಲರೂ ಡ್ಯುನೀಡಿನ್ನಿನಿಂದ ಪಶ್ಚಿಮಕ್ಕೆ ಹೋಗುತ್ತಾರೆ; ನಾವು ಹಿಂದಿನ ಸಂಜೆಯೇ ಒಂದನೇ ಹೆದ್ದಾರಿಯಲ್ಲಿ ನೇರವಾಗಿ ಇನ್ವರ್‌ಕಾರ್ಗಿಲ್‌ಗೆ ಹೋಗಿ ಮಲಗಿ, ಅಲ್ಲಿಂದ ಹಿಮ್ಮುಖವಾಗಿ ಮನೆಯ ಕಡೆಗೆ ಬಂದೆವು. ಇನ್ನೊಂದು, ದಿನವನ್ನು ನಾವು ಆರಿಸಲಿಲ್ಲ, ಸಮುದ್ರಕ್ಕೇ ಬಿಟ್ಟೆವು. ಇಳಿತ ಮಧ್ಯಾಹ್ನ ಒಂದರ ಆಸುಪಾಸಿನಲ್ಲಿ ಬರುವ ಶನಿವಾರವೇ ನಮಗೆ ಬೇಕಾಗಿತ್ತು, ಏಕೆಂದರೆ ಶಿಲಾರಣ್ಯ ಮತ್ತು ಗುಹೆಗಳೆರಡಕ್ಕೂ ನೀರು ಇಳಿದಿರಬೇಕು ಮತ್ತು ಅವುಗಳ ನಡುವೆ ಮುಕ್ಕಾಲು ಗಂಟೆಯ ದಾರಿಯಿದೆ. ಇಳಿತದ ಹೊತ್ತು ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದೆ ಜರಗುತ್ತ ಹೋಗುವುದರಿಂದ, ಒಂದು ತಿಥಿಗೆ ಒಂದು ಹೊತ್ತು ಎಂದು ಹೊಂದಿಸಿಕೊಳ್ಳಬಹುದು ಎಂಬುದು ಪತ್ನಿಯ ವಾದವಾಗಿತ್ತು. ಊರಿನಿಂದ ತರಿಸಿದ ಗೋಡೆ ಕ್ಯಾಲೆಂಡರಿನಲ್ಲಿ ಎರಡು ತಿಂಗಳ ತಿಥಿಗಳನ್ನು ಇಲ್ಲಿನ ಕೋಷ್ಟಕದ ಎದುರು ಬರೆದು, ಎರಡು ದೇಶಗಳ ಗಡಿಯಾರದ ಅಂತರವನ್ನೂ ಕಳೆದು, ಪಕ್ಷಕ್ಕೊಂದರಂತೆ ನಮಗೆ ಬೇಕಾದ ತಿಥಿಯನ್ನು ಆಕೆ ಕಂಡುಹಿಡಿದಳು. ಆ ತಿಥಿ ಯಾವುದೆಂದು ಇಲ್ಲಿ ಬರೆಯಲು ನನಗೆ ಅನುಮತಿಯಿಲ್ಲ. ಕೋಷ್ಟಕದೊಡನೆ ತಾಳೆ ನೋಡದೆ ಅದೊಂದನ್ನೇ ನಂಬಿ ನಾವೂ ಹೊರಡಲಿಲ್ಲ ಎಂಬುದನ್ನು ಮಾತ್ರ ಹೇಳಬಲ್ಲೆ.

ಹಾಗೆ ಸಿಕ್ಕಿದ್ದು ಫೆಬ್ರವರಿಯ ಒಂದು ಶನಿವಾರ. ಬೆಳಿಗ್ಗೆ ಆರೂವರೆಗೆ ಹೊರಟು, ಫೋರ್ಟ್ರೋಸ್ ದಾಟಿ, ಏಳೂವರೆಯ ಹೊತ್ತಿಗೆ ವೈಪಾಪಾ ಪಾಯಿಂಟಿನಲ್ಲಿದ್ದೆವು. 1881ರ ಏಪ್ರಿಲಿನಲ್ಲಿ ತರರುವಾ ಎಂಬ ಉಗಿಹಡಗು ಇಲ್ಲಿನ ಬಂಡೆಸಾಲಿಗೆ ಬಡಿದು, ಅದರಲ್ಲಿದ್ದ 151 ಜನರಲ್ಲಿ 131 ಮಂದಿ ದಡದ ಕಣ್ಣೆದುರಿನಲ್ಲೇ ಸತ್ತರು. ಆ ದುರಂತದ ನಂತರ ಕಟ್ಟಿದ ಮರದ ದೀಪಸ್ತಂಭ 1884ರ ಜನವರಿ 1ರಂದು ಬೆಳಗಿತು. ದಡ ಇಷ್ಟು ಹತ್ತಿರವಿದ್ದೂ ಏಕೆ ಈಜಿ ಬರಲಾಗಲಿಲ್ಲ ಎಂಬ ನನ್ನ ಪ್ರಶ್ನೆಗೆ ಪತ್ನಿ ಉತ್ತರಿಸದೆ ಅಲೆ ಒಡೆಯುತ್ತಿದ್ದ ಜಾಗವನ್ನು ತೋರಿಸಿದಳು. ಅಲ್ಲಿ ಒಂದೇ ದಿಕ್ಕಿನಿಂದ ಬರುವ ಅಲೆ ಒಂದೂ ಇರಲಿಲ್ಲ.

ಸ್ಲೋಪ್ ಪಾಯಿಂಟ್ ದಕ್ಷಿಣ ದ್ವೀಪದ ದಕ್ಷಿಣ ತುದಿ. ದಕ್ಷಿಣ ಧ್ರುವಕ್ಕೆ 4,803 ಕಿಲೋಮೀಟರ್, ಸಮಭಾಜಕ ವೃತ್ತಕ್ಕೆ 5,140 ಕಿಲೋಮೀಟರ್ ಎಂದು ಹಳದಿ ಫಲಕವೊಂದು ಹೇಳುತ್ತದೆ. ಗಾಳಿಗೆ ಬಾಚಿದಂತೆ ಒಂದೇ ಕಡೆಗೆ ಬಾಗಿದ ಮರಗಳನ್ನು ಬಿಟ್ಟರೆ ಅಲ್ಲಿ ಹೆಚ್ಚು ಹೊತ್ತು ನಿಲ್ಲಲು ಕಾರಣವಿಲ್ಲ. ಜಲ್ಲಿರಸ್ತೆಗಾಗಿ ಟೈರಿನ ಗಾಳಿಯನ್ನು ಸ್ವಲ್ಪ ಇಳಿಸಿ ನೋಡುವ ಪ್ರಯೋಗವನ್ನೂ ಮಾಡಿದೆ. ಕುಲುಕಾಟ ಕಡಿಮೆಯಾದಂತೆ ನನಗೆ ಅನಿಸಿತು, ಪತ್ನಿಗೆ ಅನಿಸಲಿಲ್ಲ, ಮತ್ತೆ ಗಾಳಿ ತುಂಬಲು ಕಾಲುಗಂಟೆ ಹೋಯಿತು.

ಹತ್ತೂಕಾಲಿಗೆ ಕ್ಯೂರಿಯೊ ಬೇ ತಲುಪಿದಾಗ ನೀರು ಇನ್ನೂ ಇಳಿಯುತ್ತಿತ್ತು. ಇಳಿದು ಮುಗಿದ ಮೇಲೆ ಹೋಗುವುದಕ್ಕಿಂತ ಇಳಿಯುತ್ತಿರುವಾಗ ಹೋಗುವುದೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ಆಗಷ್ಟೇ ಒದ್ದೆಯಾದ ಶಿಲೆಯಲ್ಲಿ ಮರದ ನಾರು ಮತ್ತು ಬಣ್ಣ ಎದ್ದು ಕಾಣುತ್ತವೆ. ಸುಮಾರು ಹದಿನೇಳು ಕೋಟಿ ವರ್ಷಗಳ ಹಿಂದೆ, ಈ ನೆಲವೂ ನಮ್ಮ ದಖ್ಖನ್ನಿನ ನೆಲವೂ ಒಂದೇ ಗೊಂಡ್ವಾನ ಖಂಡಕ್ಕೆ ಸೇರಿದ್ದಾಗ, ಇಲ್ಲಿದ್ದ ಕಾಡು ಜ್ವಾಲಾಮುಖಿಯ ಕೆಸರಿನಲ್ಲಿ ಹೂತುಹೋಗಿ ಸಿಲಿಕಾ ತುಂಬಿಕೊಂಡು ಕಲ್ಲಾಯಿತು. ಅಡ್ಡಬಿದ್ದ ದಿಮ್ಮಿಗಳು ಉದ್ದಕ್ಕೂ ಚಾಚಿಕೊಂಡಿವೆ, ಕಡಿದ ಬುಡಗಳಂಥ ಮೋಟುಗಳು ಬೆಳೆದ ಜಾಗದಲ್ಲೇ ನಿಂತಿವೆ. ತೆಂಗಿನ ತೋಟದಲ್ಲಿ ಹುಟ್ಟಿ ಬೆಳೆದ ನನ್ನ ಪತ್ನಿ ಒಂದು ಮೋಟಿನ ಪಕ್ಕದಲ್ಲಿ ಕುಳಿತು ಬಹಳ ಹೊತ್ತು ಏಳಲಿಲ್ಲ. ವೇಳಾಪಟ್ಟಿಯಲ್ಲಿ ಇಟ್ಟುಕೊಂಡಿದ್ದ ಇಪ್ಪತ್ತು ನಿಮಿಷದ ಮೀಸಲು ಅಲ್ಲೇ ಖರ್ಚಾಯಿತು.

ದಾರಿಯಲ್ಲಿ ನಯಾಗರಾ ಎಂಬ ಜಲಪಾತವೊಂದಿದೆ. ಮೊಣಕಾಲೆತ್ತರದ ಆ ಹರಿವಿಗೆ ಸರ್ವೆ ಮಾಡಿದವನೊಬ್ಬ ತಮಾಷೆಗೆ ಇಟ್ಟ ಹೆಸರಂತೆ. ಎರಡು ನಿಮಿಷ ಸಾಕು.

ಗುಹೆಗಳ ಗೇಟನ್ನು ಹನ್ನೆರಡೂಕಾಲಿಗೆ ತಲುಪಿದೆವು. ತೆರೆದಿತ್ತು. ಕಾಡಿನ ಇಳಿಜಾರಿನಲ್ಲಿ ಇಳಿದು, ಕಡಲತೀರದ ಗಟ್ಟಿ ಮರಳಿನ ಮೇಲೆ ನಡೆದು ಒಳಹೊಕ್ಕರೆ, ಸುಮಾರು ಮೂವತ್ತು ಮೀಟರ್ ಎತ್ತರದ ಬಾಯಿಯಿಂದ ಕತ್ತಲೆಗೆ ಹೋಗಿ, ಇನ್ನೊಂದು ಬಾಯಿಯಿಂದ ಬೆಳಕಿಗೆ ಬರಬಹುದು, ಏಕೆಂದರೆ ಎರಡು ಗುಹೆಗಳು ಒಳಗೆ ಕೂಡಿಕೊಂಡಿವೆ. ಮೊಣಕಾಲಿನವರೆಗೆ ನೀರಿತ್ತು. ಟಾರ್ಚನ್ನು ಆರಿಸಿ ನಿಂತು ಪತ್ನಿ ಒಂದು ಆಲಾಪ ಎತ್ತಿದಳು. ಅದು ಮುಗಿದ ಮೇಲೂ ಗುಹೆ ಹಾಡುತ್ತಿತ್ತು.

ಫ್ಲಾರೆನ್ಸ್ ಹಿಲ್‌ನ ಮೇಲೆ, ಕೆಳಗೆ ತೌಟುಕು ಕೊಲ್ಲಿಯ ಕಾಡು ಮತ್ತು ಮರಳು ಕಾಣುವಂತೆ ಕುಳಿತು ಊಟ ಮಾಡಿದೆವು. ಈ ವಿಷಯದಲ್ಲೂ ಮೂರು ಪ್ರವಾಸಗಳ ಪ್ರಯೋಗವಿದೆ: ಚಿತ್ರಾನ್ನ ಗಾಳಿಗೆ ಕಾಳುಕಾಳಾಗಿ ಗಟ್ಟಿಯಾಗುತ್ತದೆ, ಚಪಾತಿ ಚರ್ಮವಾಗುತ್ತದೆ, ಎಳ್ಳೆಣ್ಣೆ ಧಾರಾಳವಾಗಿ ಬಿದ್ದ ಪುಳಿಯೋಗರೆ ಮಾತ್ರ ಸಂಜೆಯವರೆಗೂ ಮೆತ್ತಗಿರುತ್ತದೆ. ಪೆಟ್ರೋಲ್ ಬಂಕೂ ಹೋಟೆಲೂ ವಿರಳವಾದ ಈ ಹಾದಿಯಲ್ಲಿ ಇದು ಅರವತ್ತು ಡಾಲರ್ ಉಳಿಸಿತು.

ಮೆಕ್‌ಲೀನ್ ಜಲಪಾತವನ್ನು ಬಿಟ್ಟೆವು, ಸಮುದ್ರದ ನೀರು ನೆಲದ ರಂಧ್ರದಲ್ಲಿ ಉಕ್ಕುವ ಜ್ಯಾಕ್ಸ್ ಬ್ಲೋಹೋಲನ್ನೂ ಬಿಟ್ಟೆವು. ಮೂರು ಹಂತಗಳಲ್ಲಿ ಇಳಿಯುವ ಪುರಾಕೌನುಯಿ ಜಲಪಾತ ಒಂದನ್ನೇ ನೋಡಿ, ಒವಾಕಾದಲ್ಲಿ ಫ್ಲಾಸ್ಕಿನ ಕಾಫಿ ಮುಗಿಸಿ, ಆರಕ್ಕೆ ನಗೆಟ್ ಪಾಯಿಂಟಿಗೆ ಬಂದೆವು. ಇಲ್ಲಿಗೆ ಮುಂಜಾನೆಯೇ ಬರಬೇಕೆನ್ನುವವರು ಬಹಳ ಜನ. ಆದರೆ ಸಂಜೆ ಸೂರ್ಯ ಬೆನ್ನ ಹಿಂದಿರುವಾಗ ದೀಪಸ್ತಂಭದ ಕೆಳಗಿನ ಬಂಡೆಗಳು ಒಂದೊಂದಾಗಿ ಎಣಿಸುವಷ್ಟು ಸ್ಪಷ್ಟವಾಗುತ್ತವೆ. ಮೇಲಾಗಿ ಹಳದಿ ಕಣ್ಣಿನ ಪೆಂಗ್ವಿನ್, ಇಲ್ಲಿನ ಮೂಲನಿವಾಸಿಗಳ ಮಾವೊರಿ ಭಾಷೆಯಲ್ಲಿ ಹೊಯ್ಹೊ, ದಡಕ್ಕೆ ಮರಳುವುದು ಆಗಲೇ. ರೋರಿಂಗ್ ಬೇಯ ಮರೆಗೂಡಿನಲ್ಲಿ ಒಂದೂಕಾಲು ಗಂಟೆ ಮಾತಿಲ್ಲದೆ ಕುಳಿತೆವು. ಅಳಿವಿನ ಅಂಚಿನಲ್ಲಿರುವ ಹಕ್ಕಿ, ಬರುತ್ತದೆಂಬ ಭರವಸೆಯನ್ನು ಯಾವ ಕೋಷ್ಟಕವೂ ಕೊಡುವುದಿಲ್ಲ. ಎಂಟಕ್ಕೆ ಸ್ವಲ್ಪ ಮುಂಚೆ ಒಂದೇ ಒಂದು ನೊರೆಯಿಂದ ಎದ್ದು, ರೆಕ್ಕೆಗಳನ್ನು ಹಿಂದಕ್ಕೆ ಚಾಚಿ, ದಿನದ ಕೆಲಸ ಮುಗಿಸಿದ ಗುಮಾಸ್ತನಂತೆ ಇಳಿಜಾರು ಹತ್ತಿಹೋಯಿತು. ಕ್ಯಾಮೆರಾಕ್ಕೆ ಅದು ಸಿಕ್ಕಿದ್ದು ಚುಕ್ಕೆಯಾಗಿ. ಹಳೆಯ ದುರ್ಬೀನಿನಲ್ಲಿ ಕಣ್ಣ ಸುತ್ತಲಿನ ಹಳದಿ ಪಟ್ಟಿಯೂ ಕಂಡಿತು.

ಬಾಲ್‌ಕ್ಲೂಥಾ ಮೂಲಕ ಮನೆ ಸೇರಿದಾಗ ಹತ್ತು ಗಂಟೆ ದಾಟಿತ್ತು. ಮೋಟೆಲಿಗೆ ನೂರ ನಲವತ್ತು, ಎರಡು ದಿನದ ಪೆಟ್ರೋಲಿಗೆ ನೂರ ಹತ್ತು, ಗುಹೆಯ ಪ್ರವೇಶವೂ ಸೇರಿದಂತೆ ಒಟ್ಟು ಮುನ್ನೂರರ ಒಳಗೇ ಮುಗಿದ ನೆನಪು. ಎರಡು ರಾತ್ರಿ ಬೇಕೇ ಬೇಕು ಎಂದಿದ್ದ ಗೆಳೆಯರೊಬ್ಬರು ಮುಂದಿನ ವಾರವೇ ಫೋನ್ ಮಾಡಿ ವೇಳಾಪಟ್ಟಿ ಕೇಳಿದರು, ಕಳಿಸಿಕೊಟ್ಟೆ. ತಿಥಿಯನ್ನೂ ಕೇಳಿದರು. ಫೋನನ್ನು ಪತ್ನಿಯ ಕೈಗೆ ಕೊಟ್ಟೆ.