ಚೇಣಿ ಲೆಕ್ಕದ ಕೆಂಪು ಸಾಲು ಕೊನೆಗೂ ಸರಿಯಾಯಿತು

ಚೇಣಿ ಎಂದರೆ ಬೆಳೆಗಾರರ ಅಡಿಕೆ ಫಸಲನ್ನು ಗುತ್ತಿಗೆ ಹಿಡಿದು, ಅವರಿಗೆ ಹಣವನ್ನು ಕಂತಿನಲ್ಲಿ ಕೊಡುವುದು. ಈ ಸಲ ಚೇಣಿ ಮುಗಿಯುವವರೆಗೆ ಒಂದು ಕಂತೂ ತಪ್ಪಲಿಲ್ಲ. ಎಪ್ಪತ್ತು ಚಿಲ್ಲರೆ ಮನೆಗಳ ಲೆಕ್ಕ, ಒಂದೇ ಎಕ್ಸೆಲ್ ಹಾಳೆ. ಗಡುವು ದಾಟಿ ಬಾಕಿ ಉಳಿದರೆ ಆ ಮನೆಯ ಸಾಲು ಕೆಂಪಾಗುತ್ತದೆ, ಹಣ ಕೊಟ್ಟು ಬರೆದ ಕೂಡಲೇ ಬಿಳಿ. ಇಷ್ಟಕ್ಕೆ ಎರಡು ವರ್ಷ ಹಿಡಿಯಿತು. ತೀರ್ಥಹಳ್ಳಿ ಕಡೆ ನಮ್ಮ ಹಾಗೆ ಚೇಣಿ ಮಾಡುವ ಯಾರೂ ಇದು ಆಗುತ್ತದೆ ಎಂದು ನಂಬಿರಲಿಲ್ಲ. ಭಾವನೇ ನನ್ನ ಪಾಲುದಾರ. "ಅದೆಲ್ಲ ಬ್ಯಾಂಕಿನವರಿಗೆ ಸರಿ ಮಾರಾಯ, ನಮಗೆ ಲೆಡ್ಜರ್ ಸಾಕು" ಎಂದು ಹೇಳುತ್ತಲೇ ಇದ್ದರು.

ಮೊದಲ ವರ್ಷದ ಪೆಟ್ಟು ದುಡ್ಡಿನದೇ. ಬಣ್ಣದ ರೂಲ್ (ಶರತ್ತು ಹೊಂದಿದರೆ ಸಾಲಿಗೆ ತಾನಾಗಿ ಬಣ್ಣ ಬರಿಸುವ ಕಂಡೀಶನಲ್ ಫಾರ್ಮ್ಯಾಟಿಂಗ್) ಹಾಕುವಾಗ ತಲೆಬರಹವನ್ನೂ ಸೇರಿಸಿ 1ನೇ ಸಾಲಿನಿಂದ ಸೆಲೆಕ್ಟ್ ಮಾಡಿದ್ದೆ. ಸೂತ್ರ ಬರೆದದ್ದು 2ನೇ ಸಾಲಿಗೆ. ಕಾಲಮ್ ಕದಲದಂತೆ ಹಿಡಿಯುವ ಡಾಲರ್ ಚಿಹ್ನೆ ಎಲ್ಲ ಸರಿಯಾಗಿತ್ತು, ಆದರೆ ಪ್ರತಿ ಬಣ್ಣವೂ ಒಂದು ಸಾಲು ಮೇಲೆ ಹತ್ತಿತು. ಒಬ್ಬರ ಬಾಕಿಗೆ ಮೇಲಿನ ಮನೆಯವರ ಹೆಸರು ಕೆಂಪು! ನಾನು ಬಣ್ಣ ಮಾತ್ರ ನೋಡಿದೆ, ಮೊತ್ತದ ಕಡೆ ಕಣ್ಣು ಹಾಯಿಸಲಿಲ್ಲ. ಸುಮಾರು 22,000 ರೂಪಾಯಿ ಎರಡನೇ ಸಲ ಒಂದೇ ಮನೆಗೆ ಹೋಯಿತು. ಅವರು ಒಳ್ಳೆಯವರು, ವಾಪಸ್ ಕೊಟ್ಟರು, ಆದರೆ ಎರಡು ತಿಂಗಳ ಮೇಲೆ. ಕಂತು ಸಿಗಬೇಕಾದ ಮನೆಯವರು ಮಾತ್ರ ಮರುವರ್ಷ ಅಡಿಕೆ ಬೇರೆಯವರಿಗೆ ಕೊಟ್ಟರು. ಆ ನಷ್ಟವೇ ಜಾಸ್ತಿ.

ಆಮೇಲೆ ಶಿವಮೊಗ್ಗದಿಂದ ಒಬ್ಬರನ್ನು ಕರೆಸಿದೆ. ನಾಲ್ಕು ಸಾವಿರ ತೆಗೆದುಕೊಂಡು ಮ್ಯಾಕ್ರೋ (ಎಕ್ಸೆಲ್ ಒಳಗೆ ಓಡುವ ಪುಟ್ಟ ಪ್ರೋಗ್ರಾಂ) ಬರೆದುಕೊಟ್ಟರು. ಆದರೆ ಮೊಬೈಲಿನಲ್ಲಿ ಮ್ಯಾಕ್ರೋ ಓಡುವುದಿಲ್ಲ. ನಾನು ಲೆಕ್ಕ ನೋಡುವುದೇ ಮೊಬೈಲಿನಲ್ಲಿ, ಅಡಿಕೆ ಸುಲಿಯುವ ಜಾಗದಲ್ಲಿ ನಿಂತುಕೊಂಡು.

ಎರಡನೇ ವರ್ಷ ನವೆಂಬರಿನಲ್ಲಿ ಹೊಸ ಕಾಟ. ಡಿಸೆಂಬರ್ 12ಕ್ಕಿಂತ ಮುಂಚಿನ ಗಡುವುಗಳು ಆಗಲೇ ಕೆಂಪಾಗಿ ಕೂತಿದ್ದವು. ಯಾವ ತಿಂಗಳದ್ದಾದರೂ 13ರಿಂದ ಆಚೆಯ ತಾರೀಕುಗಳು ಗಡುವು ದಾಟಿದರೂ ಕೆಂಪಾಗಲಿಲ್ಲ. ಸೂತ್ರವನ್ನು ಹತ್ತು ಹದಿನೈದು ಸಲ ತಿದ್ದಿದೆ. ತಪ್ಪು ಸೂತ್ರದಲ್ಲಿ ಇರಲೇ ಇಲ್ಲ.

ಗೊತ್ತಾದದ್ದು ಹೀಗೆ. ರೂಲಿನ ಸೂತ್ರವನ್ನು ಹಾಗೇ ಕಾಪಿ ಮಾಡಿ ಪಕ್ಕದ ಖಾಲಿ ಕಾಲಮ್ಮಿನಲ್ಲಿ ಹಾಕಿ ಕೆಳಗಿನವರೆಗೆ ಎಳೆದೆ. ಸಾಲು ಸಾಲಿಗೂ ಟ್ರೂ, ಫಾಲ್ಸ್ ಎಂದು ಬಂತು. ಎಕ್ಸೆಲ್ ಒಳಗೆ ತಾರೀಕು ಎಂದರೆ ಒಂದು ಸಂಖ್ಯೆ. ಅದರ ಪಕ್ಕದಲ್ಲಿ ತಾರೀಕಿಗೆ, ಸಂಖ್ಯೆಯೇ ಅಲ್ಲವೇ ಎಂದು ಹೇಳುವ ಇಸ್‌ನಂಬರ್ ಹಾಕಿದೆ. ಅರ್ಧದಷ್ಟು ಫಾಲ್ಸ್! ಅವು ತಾರೀಕೇ ಅಲ್ಲ, ಬರೀ ಅಕ್ಷರ. ಲ್ಯಾಪ್‌ಟಾಪ್ ಅಮೆರಿಕದ ತಾರೀಕಿನ ಸೆಟ್ಟಿಂಗ್‌ನಲ್ಲಿತ್ತು. ನಾನು 10/12 ಎಂದು ಬರೆದದ್ದು ಅಕ್ಟೋಬರ್ 12 ಆಗಿತ್ತು. 25/12ಕ್ಕೆ ಇಪ್ಪತ್ತೈದನೇ ತಿಂಗಳು ಎಲ್ಲಿಂದ ಬರಬೇಕು? ಅಕ್ಷರವಾಗಿ ಉಳಿಯಿತು. ಎಕ್ಸೆಲ್‌ಗೆ ಅಕ್ಷರ ಯಾವಾಗಲೂ ಸಂಖ್ಯೆಗಿಂತ ದೊಡ್ಡದು. ಹಾಗಾಗಿ ಅದು ಇವತ್ತಿನ ತಾರೀಕಿಗಿಂತ ಹಿಂದೆ ಎಂದು ಯಾವತ್ತೂ ಆಗುವುದಿಲ್ಲ.

ಸೆಟ್ಟಿಂಗನ್ನು ಭಾರತಕ್ಕೆ ಬದಲಾಯಿಸಿದೆ. ಅಕ್ಷರವಾಗಿದ್ದವು, ಅವನ್ನು ಮತ್ತೆ ತಾರೀಕಾಗಿ ಓದಿಸುವ ಟೆಕ್ಸ್ಟ್ ಟು ಕಾಲಮ್ಸ್‌ನಲ್ಲಿ ಸರಿಯಾದವು. ದಿನ, ತಿಂಗಳು ಅದಲುಬದಲಾದವು ಅದರಿಂದ ಸರಿಯಾಗುವುದಿಲ್ಲ, ನೆನಪಿರಲಿ. ಅವನ್ನು ಚೀಟಿ ನೋಡಿಕೊಂಡು ಕೈಯಲ್ಲೇ ತಿದ್ದಿದೆ. ಅರವತ್ತರಷ್ಟು ಇದ್ದವು, ಒಂದು ರಾತ್ರಿ ಹೋಯಿತು.

ಖಾಲಿ ಸಾಲುಗಳೂ ಕೆಂಪಾಗುತ್ತಿದ್ದವು, ಖಾಲಿ ಎಂದರೆ ಸೊನ್ನೆ ಅಲ್ವಾ. ತಾರೀಕು ಇದ್ದರೆ ಮಾತ್ರ ಎಂಬ ಶರತ್ತು ಸೇರಿಸಿದ ಮೇಲೆ ನಿಂತಿತು. ಸಾಲು ಕಾಪಿ ಮಾಡಿ ಅಂಟಿಸಿ ಅಂಟಿಸಿ ರೂಲುಗಳು ನಲವತ್ತು ದಾಟಿದ್ದವು. ಎಲ್ಲ ಅಳಿಸಿ ಮೂರೇ ಇಟ್ಟೆ. ಈಗ ಭಾವ ಅಂಟಿಸಿದರೂ ಅವು ಸುಲಭಕ್ಕೆ ಒಡೆಯುವುದಿಲ್ಲ. ಅದಕ್ಕೊಂದು ಉಪಾಯ ಮಾಡಿದ್ದೇನೆ, ಅದು ನನ್ನ ಹತ್ತಿರವೇ ಇರಲಿ.

ಇದೇ ಜೋರಿನಲ್ಲಿ ಒಣಗಿಸುವ ಲೆಕ್ಕಕ್ಕೂ ಬಣ್ಣ ಹಾಕಿ ನೋಡಿದೆ. ಬೇಯಿಸಿ ಆರು ದಿನ ದಾಟಿದ ರಾಶಿ ಹಳದಿ. ಮೋಡ ಹಾಕಿದ ವಾರ ಚಪ್ಪರದ ಮೇಲಿದ್ದದ್ದೆಲ್ಲ ಹಳದಿಯಾಯಿತು. ಬಿಸಿಲು ಎಷ್ಟು ಬಿತ್ತು ಎಂದು ಹಾಳೆಗೆ ಏನು ಗೊತ್ತು? ಬಿಟ್ಟುಬಿಟ್ಟೆ. ಇನ್ನೊಂದು ಪಾಠ ಜೆರಾಕ್ಸ್ ಅಂಗಡಿಯಲ್ಲಿ ಸಿಕ್ಕಿತು. ಕಡುಕೆಂಪು ಪ್ರಿಂಟಿನಲ್ಲಿ ಕಪ್ಪಾಗಿ ಹೆಸರೇ ಕಾಣಲಿಲ್ಲ. ಈಗ ತಿಳಿಗೆಂಪು, ಜೊತೆಗೆ ದಪ್ಪಕ್ಷರ.

ಉಳಿದಿರುವುದು ಎರಡೆರಡು ಸಲ ಬಂದ ಹೆಸರು ಹಿಡಿಯುವ ರೂಲ್. ಹಳೆಯ ಹೆಸರುಗಳು ನುಡಿ ಫಾಂಟಿನವು, ಹೊಸವು ಯೂನಿಕೋಡ್. ಕಣ್ಣಿಗೆ ಎರಡೂ ಒಂದೇ, ಒಳಗಿನ ಸಂಕೇತ ಬೇರೆ, ಹಾಗಾಗಿ ಒಂದು ಹೆಸರು ಎಷ್ಟು ಸಲ ಬಂದಿದೆ ಎಂದು ಎಣಿಸುವ ಕೌಂಟ್‌ಇಫ್‌ಗೆ ಬೇರೆ ಬೇರೆ. ಮೂವತ್ತು ಹೆಸರು ಮತ್ತೆ ಟೈಪ್ ಮಾಡಿದ್ದಾಯಿತು. ಉಳಿದದ್ದನ್ನು ದಸರಾ ಒಳಗೆ ಮುಗಿಸಬೇಕು, ಆಮೇಲೆ ಅಡಿಕೆ ಗೊನೆ ಕೊಯ್ಲು ಶುರುವಾದರೆ ಕೂರಲು ಪುರುಸೊತ್ತಿಲ್ಲ.